ನೆರಳಲ್ಲಿ ನಿಂತ ಇನ್ನೂರ ಎರಡು ಕುರಿಗಳು

ಝೀಸಿಸ್ ಜುಲೈ ಹದಿನೇಳರ ಮಧ್ಯಾಹ್ನ ತೀರಿಕೊಂಡ. ಅರವತ್ತೆಂಟು ವರ್ಷ. ಪಿಂಡಸ್ ಬೆಟ್ಟದ ಕುರಿಗಾಹಿ, ನನ್ನ ಗೆಳೆಯ. ಬಿಸಿಲಿಗೆ ಎದೆಬಡಿತ ನಿಂತಿತು ಎಂದು ವೈದ್ಯರು ಬರೆದರು. ಸರಕಾರಿ ಎಣಿಕೆಯಿಂದ ಸತ್ತ ಎಂದು ಬರೆಯಲು ಆ ಕಾಗದದಲ್ಲಿ ಕಾಲಂ ಇರಲಿಲ್ಲ.

ಬೇಸಿಗೆಯ ಹುಲ್ಲುಗಾವಲು ಅಪ್ಪನ ಕಾಲದಿಂದ ಅವನದೇ. ಆದರೆ ಇನ್ನೂರು ಕುರಿ ಇದ್ದರಷ್ಟೇ ಆ ಹಕ್ಕು. ಅವನಲ್ಲಿ ಇನ್ನೂರ ಹನ್ನೊಂದು ಇದ್ದವು. ಹಿಂದೆಲ್ಲ ಕಿವಿಗೆ ಚುಚ್ಚಿದ ಗುರುತಿನ ಓಲೆಯನ್ನು ಓದಲು ಯಂತ್ರವನ್ನು ಕಿವಿಗೇ ಹಿಡಿಯಬೇಕಿತ್ತು. ಈ ವರ್ಷ ಇಲಾಖೆ ಹೊಸ ಓಲೆ ಕೊಟ್ಟಿತು. ಅದರಲ್ಲಿ ಉಗುರಿನಷ್ಟು ಸೌರಫಲಕ. ಬಿಸಿಲು ಬಿದ್ದರೆ ನಲವತ್ತು ಮೀಟರ್ ದೂರಕ್ಕೂ ತನ್ನ ಸಂಖ್ಯೆ ಹೇಳುತ್ತದೆ. ಹಾಗಾಗಿ ಉರಿಬಿಸಿಲಿನ ನಡುಹಗಲೇ ಎಣಿಕೆಗೆ ಸರಿಯಾದ ಹೊತ್ತು ಎಂದಿತು ಸುತ್ತೋಲೆ. ಆ ಹೊತ್ತಿನಲ್ಲಿ ಏನು ಮಾಡುತ್ತೀರಿ ಎಂದು ಯಾರೂ ಕುರಿಗಳನ್ನು ಕೇಳಿರಲಿಲ್ಲ. ನಮ್ಮಲ್ಲಿ ಹತ್ತಕ್ಕೇ ಮಂದೆ ಮರದಡಿ ಸೇರಿ, ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ಐದರವರೆಗೆ ಅಲ್ಲಾಡುವುದಿಲ್ಲ. ಆಗ ಅವನ್ನು ಎಬ್ಬಿಸುವವನನ್ನು ಕುರಿಗಾಹಿ ಎನ್ನುವುದಿಲ್ಲ.

ಜುಲೈ ಮೊದಲ ವಾರ, ಒಂದು ನಡುಹಗಲು, ಇಲಾಖೆಯ ಅಧಿಕಾರಿ ಪೊಲಿಕ್ಸೇನಿ ಬಂದಳು. ನಲವತ್ತು ಮೀಟರ್ ಅಳೆದು ನಿಂತು ಯಂತ್ರ ಹಿಡಿದಳು.

"ಒಂಬತ್ತು ಕುರಿ, ಅಜ್ಜ."

"ಎದುರಿಗೇ ನಿಂತಿವೆಯಲ್ಲೇ ತಾಯಿ, ಕಣ್ಣು ಕಾಣಲ್ವಾ?"

"ನನ್ ಕಣ್ಣಿಗೆ ಕಾಣ್ತವೆ. ನನ್ ಕಣ್ಣಿಗೆ ಮಾನ್ಯತೆ ಇಲ್ಲ."

"ಹತ್ರ ಬಂದು ಹಿಡಿ ಮತ್ತೆ."

"ಹತ್ರ ಬಂದ್ರೆ, ದೂರದಿಂದ ಓದ್ತು ಅಂತ ಹ್ಯಾಗ್ ಬರೀಲಿ?"

"ಸಂಜೆ ಬಾ. ಚೀಸ್ ಕೊಡ್ತೀನಿ."

"ಮೂರಕ್ಕೆ ಆಫೀಸ್ ಮುಚ್ತದೆ ಅಜ್ಜ."

ಉಳಿದ ಇನ್ನೂರ ಎರಡು ಕುರಿಗಳು 'ಕಾಣೆ' ಎಂದು ದಾಖಲಾದವು. ಕಾಣೆಯಾದವು ಅಂದು ಸಂಜೆ ಎಂದಿನಂತೆ ಹಾಲು ಕೊಟ್ಟವು. ಮರುಎಣಿಕೆಗೆ ಒಂದೇ ಅವಕಾಶ: ಹದಿನೇಳರಂದು, ಅದೂ ಹನ್ನೆರಡಕ್ಕೆ.

"ಮರಾನೇ ಕಡಿದುಬಿಡೋ," ಎಂದು ನಾನು ತಮಾಷೆ ಮಾಡಿದೆ. ಅವನು ನಗಲಿಲ್ಲ. ಆ ಮಾತು ಆಡಬಾರದಿತ್ತು.

ಹದಿನೇಳರಂದು, ಬದುಕಿನಲ್ಲಿ ಮೊದಲ ಸಲ, ಅವನು ನಡುಹಗಲು ಮಂದೆಯನ್ನು ನೆರಳಿನಿಂದ ಹೊರಗಟ್ಟಿದ. ಅವು ಮತ್ತೆ ಮತ್ತೆ ಒಳಗೆ ನುಗ್ಗಿದವು. ಅವನು ಅಡ್ಡಡ್ಡ ಓಡಿದ, ಕೋಲು ಬೀಸಿದ, ಅವುಗಳ ಕ್ಷಮೆಯನ್ನೂ ಕೇಳಿದ. ಒಂದೂವರೆ ಗಂಟೆಯ ನಂತರ ಯಂತ್ರ ಇನ್ನೂರ ಹನ್ನೊಂದು ಎಂದಿತು.

"ಹುಲ್ಲುಗಾವಲು ಉಳೀತು ಅಜ್ಜ. ಸಹಿ ಹಾಕಿ."

"ತಡಿ ತಾಯಿ. ಮೊದ್ಲು ಇವು ಒಳಗೆ ಹೋಗ್ಲಿ."

ಮಂದೆ ಮರದಡಿಗೆ ಓಡಿತು. ಕುಂಟುವ ಕುರಿಯೊಂದು ಬಿಸಿಲಲ್ಲೇ ಉಳಿಯಿತು. ಝೀಸಿಸ್ ಅದನ್ನು ಎತ್ತಿ ತಂದು, ಮಿಕ್ಕವನ್ನು ಮೊಣಕಾಲಿನಿಂದ ಸರಿಸಿ ಜಾಗ ಮಾಡಿ, ಅದರ ತಲೆಯನ್ನು ಇನ್ನೊಂದರ ಹೊಟ್ಟೆಯಡಿ ಮೆಲ್ಲಗೆ ತೂರಿಸಿದ.