ಗಂಗತ್ತಿ ಕುಟ್ಟಿಸಿದ ಖಾರ

ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಕುಟ್ಟಿ ನೆನೆಹಾಕಿದ ನೀರಿನ ಮುಚ್ಚಳ ತೆಗೆದರೆ ಮೊದಲು ಮೂಗು ಉರಿಯುತ್ತದೆ, ಆಮೇಲೆ ಗಂಟಲು. ಸಿಂಧನೂರಿನ ನನ್ನ ಮಾಳಿಗೆಯ ಮೇಲಿನ ದಾಸವಾಳಕ್ಕೆ ಹೇನು ಹತ್ತಿದಾಗಲೆಲ್ಲ ನಾನೇ ಅದನ್ನು ಮಾಡಿಕೊಳ್ಳುತ್ತೇನೆ. ಆ ಘಾಟು ಏರಿತೆಂದರೆ ಲಿಂಗಸುಗೂರಿನ ನಮ್ಮ ಹಳೆಯ ಮನೆಯ ಹಿತ್ತಲು, ಅಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ಗಂಗತ್ತಿ ಕಣ್ಣ ಮುಂದೆ ಬರುತ್ತಾಳೆ. ಇಲ್ಲದ ಮನೆಯೊಂದು ಹೀಗೆ ಬರೀ ವಾಸನೆಯಲ್ಲಿ ಎದ್ದು ನಿಲ್ಲುವುದು ನಿಮಗೂ ಗೊತ್ತಿದ್ದೀತು.

ಗಂಗತ್ತಿ ನನ್ನ ಅಪ್ಪನ ಅಕ್ಕ. ಗೊರೇಬಾಳಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದ. ಒಂದು ಮುಂಜಾನೆ ಅತ್ತೆಯನ್ನು ಆಟೋದಲ್ಲಿ ಕೂಡಿಸಿ ಕಳಿಸಿಬಿಟ್ಟ. ಆಟೋ ತಿರುಗುವವರೆಗೂ ಬಾಗಿಲಲ್ಲಿ ನಿಲ್ಲಲಿಲ್ಲವಂತೆ. ಬಂದವಳು ಹಿತ್ತಲಿನಲ್ಲಿ ಬದನೆ, ಅವರೆ ಹಚ್ಚಿದಳು. ಹುಳಕ್ಕೆ ಹೊಡೆಯುವ ಅಂಗಡಿಯ ಎಣ್ಣೆ ಬಾಟಲಿಯನ್ನು ಹೊಸ್ತಿಲು ದಾಟಗೊಡಲಿಲ್ಲ. ಕುಟ್ಟಿ ನೆನೆಸಿದ ಖಾರವನ್ನು ಹಳೆಯ ಧೋತರದಲ್ಲಿ ಸೋಸಿ, ಬೇವಿನೆಣ್ಣೆ, ಸಾಬೂನಿನ ನೀರು ಬೆರೆಸಿ, ಮುಚ್ಚಳಕ್ಕೆ ತೂತು ಹಾಕಿದ ಬಾಟಲಿಯಿಂದ ಚಿಮುಕಿಸುತ್ತಿದ್ದಳು. ಚಿಗುರಿಗೆ ಅಂಟಿದ ಹೇನುಗಳಿಗೆ ನಾದಿನಿಯರ ಹೆಸರು. ಗಂಡನ ಹೆಸರು ಹೇಳಬಾರದಲ್ಲ, ಬದನೆಕಾಯಿ ಕೊರೆಯುವ ಹುಳ ಬರೀ ‘ಅವರು’. ತೂತು ಬಿದ್ದ ಕಾಯಿ ಸೀಳಿ ನನಗೆ ತೋರಿಸುತ್ತಿದ್ದಳು: “ಅವರು ಬಂದಾರ ನೋಡಬೇ. ಹೊರಗ ನೋಡಾಕ ಚಂದ, ಒಳಗೆಲ್ಲ ತಿಂದು ಹಾಕ್ಯಾರ.” ಆಮೇಲೆ ಅರ್ಧ ಬಾಟಲಿ ಅವರ ಮೇಲೇ ಖಾಲಿಯಾಗುತ್ತಿತ್ತು.

ನಾನು ಆರನೇ ಕ್ಲಾಸಿನಲ್ಲಿದ್ದಾಗ, ಒಂದು ಮಧ್ಯಾಹ್ನ, ಆ ಮನುಷ್ಯನೇ ಬಂದ. ಕೈಯಲ್ಲಿ ಸೇಬಿನ ಚೀಲ. ಅತ್ತೆ ಒಳಕಲ್ಲಿನ ಮುಂದೆ ಕೂತಿದ್ದಳು.

“ಅಕಿ ತವರಿಗೆ ಹೋಗ್ಯಾಳ, ಬರಂಗಿಲ್ಲ. ಅವ್ವ ಹಾಸಿಗಿ ಹಿಡದಾಳ,” ಎಂದ. “ನಂದು ತಪ್ಪಾತು ಗಂಗಾ. ನೀ ಬಂದ್ರ ಮನಿ ನಿಂದರ್ತೈತಿ.”

ಅತ್ತೆ ಎದ್ದು ಮಣೆ ಸರಿಸಿದಳು. “ಕುಂದರ್ರಿ. ಇದೊಂದು ಕುಟ್ಟಿ ಕೊಡ್ರಿ, ಆಮ್ಯಾಲೆ ಮಾತಾಡೂಣು.”

ಒಪ್ಪಿದಳೆಂದೇ ತಿಳಿದ. ಅಂಗಿಯ ತೋಳು ಮಡಚಿ, ಸೇರು ಮೆಣಸಿನಕಾಯಿ ಕುಟ್ಟಿ, ಬರಿಗೈಯಲ್ಲೇ ಬಳಿದು ಬಳಿದು ಹಾಕಿದ. ಅತ್ತೆ ಎಂದೂ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳದೆ ಖಾರ ಮುಟ್ಟಿದವಳಲ್ಲ. ನಾನು ಓಡಿಹೋಗಿ ಎಣ್ಣೆ ತಂದೆ. ಅತ್ತೆ ನನ್ನನ್ನು ಸುಮ್ಮನೆ ನೋಡಿದಳು. ಬಾಟಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಅದಕ್ಕಾಗಿ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ಅವನ ಬೆರಳು ಕೆಂಪೇರಿದವು. ಬೆವರಿದ ಮುಖವನ್ನು ಅದೇ ಕೈಯಿಂದ ಒರೆಸಿಕೊಂಡ, “ಅಯ್ಯಯ್ಯೋ” ಎಂದು ಕಣ್ಣು ಮುಚ್ಚಿ ಎದ್ದ. ಅತ್ತೆ ಚೆಂಬು ತುಂಬ ನೀರು ಕೊಟ್ಟಳು. ಆ ಉರಿ ನೀರಿಗೆ ಹೋಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

“ಐದರ ಬಸ್ಸೈತಿ,” ಎಂದಳು. “ಸೇಬು ನಿಮ್ಮವ್ವಗ ಒಯ್ರಿ.”

“ಮತ್ತ ಮಾತಾಡೂಣಂದಿ?”

“ಆತಲ್ರಿ ಮಾತು.”

ಅವನು ಗೋಡೆ ತಡವುತ್ತ ಹೊರಬಿದ್ದ ಮೇಲೆ, “ಸಮಾಧಾನ ಆತೇನತ್ತಿ?” ಎಂದು ಕೇಳಿದೆ.

“ಎಲ್ಲೀದಬೇ,” ಎಂದಳು. “ಇಷ್ಟು ವರ್ಷದ ಉರಿ ಒಂದು ಸೇರಿಗೆ ತೀರತೈತೇನು?”

ಆ ಮನೆ ಬಿದ್ದು ಈಗ ಅಲ್ಲಿ ಸಾಲು ಅಂಗಡಿಗಳಾಗಿವೆ. ಅತ್ತೆಯೂ ಇಲ್ಲ. ಹೋಗುವ ವರ್ಷ ನನ್ನ ಕೈ ಹಿಡಿದು, “ಪಾಪ, ಅವರಿಗೆ ಅವತ್ತು ಭಾಳ ಉರದಿರಬೇಕು,” ಎಂದಿದ್ದಳು. ಕೇಳಿ ನನಗೆ ಅವಳ ಮೇಲೇ ಸಿಟ್ಟು ಬಂದಿತ್ತು. ಅವಳು ಬಿಟ್ಟುಕೊಟ್ಟ ಆ ಹಗೆಯನ್ನು ನಾನು ಬಿಟ್ಟಿಲ್ಲ. ಅವಳದೆಂದು ನನ್ನ ಬಳಿ ಬೇರೇನೂ ಉಳಿದಿಲ್ಲ.