ಬಯಲಿಗೆ ಬಂದ ಶಾವಿಗೆ ಒರಳು

ಮಿಲ್ಲಿನವ್ವನ ಮೈಯೆಲ್ಲ ರಾಗಿಹಿಟ್ಟು. ಹುಬ್ಬು, ರೆಪ್ಪೆ, ಕಿವಿಯೋಲೆಯ ಸಂದಿ, ಎಲ್ಲ ಬೂದಿಬಣ್ಣ. ಹೊಳೆಯುತ್ತಿದ್ದದ್ದು ಎದೆಯ ಮೇಲಿನ ಲಿಂಗದ ಬೆಳ್ಳಿ ಕರಡಿಗೆ ಒಂದೇ. ಗಾಬರಿಯಾದಾಗಲೆಲ್ಲ ಅದನ್ನು ಹಿಡಿದುಕೊಳ್ಳುವುದು ಅವರ ಅಭ್ಯಾಸ, ಗಾಬರಿಯೋ ದಿನವಿಡೀ ಇದ್ದದ್ದೇ. ಕರೆಂಟು ಹೋದರೆ ಗಾಬರಿ, ಬಂದರೆ ಮೋಟಾರು ಸುಟ್ಟೀತೆಂದು ಗಾಬರಿ. ಇಂಥವರು ನಮಗೆ ಧೈರ್ಯ ಹೇಳಲು ಬಂದವರು!

ಹಾರನಹಳ್ಳಿಯ ಅವರ ಹಿಟ್ಟಿನ ಮಿಲ್ಲಿಗೆ ನಾವು ಮೂವರು ಹೆಂಗಸರು ಮಕ್ಕಳೊಂದಿಗೆ ಬಂದು ಸೇರಿದ್ದು ಕೊಡಗಿನಲ್ಲಿ ನಮ್ಮ ಬೆಟ್ಟ ಕುಸಿದ ವರ್ಷ. ಕಾಫಿ ತೋಟದ ಲೈನ್ ಮನೆಗಳು ಬೆಳಗಾಗುವುದರೊಳಗೆ ಮಣ್ಣಾಗಿದ್ದವು. ಉಳಿದಿಬ್ಬರಿಗೆ ಮನೆ ಹೋಯಿತು. ನನಗೆ ಮನೆಯೂ ಹೋಯಿತು, ಗಂಡನೂ ಹೋದರು. ಮಣ್ಣು ಬಗೆದು ಹುಡುಕಿದರು, ಹೆಣವೂ ಸಿಗಲಿಲ್ಲ. ಆಮೇಲೆ ಪಿರಿಯಾಪಟ್ಟಣದಲ್ಲಿ ನಮ್ಮಂಥವರಿಗೆ ಸ್ವಂತ ಉದ್ಯೋಗದ ತರಬೇತಿ ಕೊಟ್ಟರು. ಭಾಷಣಕ್ಕೆ ಬಂದವರು ‘ಕೈ ಕೆಸರಾದರೆ ಬಾಯಿ ಮೊಸರು’ ಎಂದರು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಕೆಸರಿಗೇನು ಬರ ಬಂದಿತ್ತು ನಮಗೆ!

ತರಬೇತಿಯಿಂದ ಸರ್ಟಿಫಿಕೇಟು ಸಿಕ್ಕಿತು. ಮಿಲ್ಲಿನವ್ವನಿಂದ ಸಿಕ್ಕಿದ್ದು ಮಿಲ್ಲಿನ ಪಕ್ಕದ ಕೊಟ್ಟಿಗೆ, ಒಂದು ಒಲೆ, ಅವರ ಅತ್ತೆಯ ಕಾಲದ ಮರದ ಶಾವಿಗೆ ಒರಳು. ಬೆಳಿಗ್ಗೆ ರಾಗಿ ಹಾಕುವ ಮೊದಲೇ ನಮ್ಮ ಅಕ್ಕಿ ಬೀಸಿಕೊಡುತ್ತಿದ್ದರು. ರಾಗಿಯ ಬೆನ್ನಿಗೆ ಬೀಸಿದರೆ ಶಾವಿಗೆ ಮಾಸಲಾಗುತ್ತದೆ. ಬೀಸಿಕೊಟ್ಟ ಮೇಲೆ ಶುರು. “ತಗೊಳೋರು ಯಾರವ್ವಾ? ಅಳಸೋದ್ರೆ? ಶಿವ್ನೇ, ಏನಾಯ್ತದೋ ಕಣವ್ವ!” ನಮ್ಮ ಪಾಲಿನ ಹೆದರಿಕೆಯನ್ನೂ ಅವರೇ ಹೆದರಿಬಿಡುತ್ತಿದ್ದರು. ನನಗೆ ಒಮ್ಮೊಮ್ಮೆ ಸಿಟ್ಟೇ ಬರುತ್ತಿತ್ತು.

ಮೊದಲ ದೊಡ್ಡ ಕೆಲಸ ಬಂದದ್ದು ಮಿರ್ಲೆಯಿಂದ. ಮದುವೆಯಾದ ಮೇಲೆ ಗಂಡಿನ ಮನೆಯಲ್ಲಿ ಬೀಗರ ಔತಣ. ಬಾಡಿನ ಸಾರಿಗೆ ಒತ್ತು ಶಾವಿಗೆ ನಮ್ಮದು. ಚೆನ್ನಾದರೆ ನಾಲ್ಕೂರಿನವರು ಕರೆಯುತ್ತಾರೆ. ಕೆಟ್ಟರೆ ನಮಗೆ ಉಳಿದಿದ್ದ ದಾರಿ ಒಂದೇ: ಮಕ್ಕಳನ್ನು ಕಟ್ಟಿಕೊಂಡು ಮತ್ತೆ ಬೆಟ್ಟ ಹತ್ತಿ ಬೇರೆ ಯಾವುದೋ ತೋಟದ ಲೈನ್ ಮನೆ ಸೇರುವುದು. ಮೂರು ದಿನದಿಂದ ನನಗೆ ಅನ್ನ ಇಳಿದಿರಲಿಲ್ಲ.

ಮೊಟ್ಟೆಯನ್ನೂ ಮುಟ್ಟದ ಮಿಲ್ಲಿನವ್ವ ನಮಗಿಂತ ಮೊದಲೇ ಗೂಡ್ಸ್ ಆಟೋ ಹತ್ತಿ ಕೂತರು. “ಬಾಡೂಟದ ಮನೆ ಅವ್ವಾ, ನೀವ್ಯಾಕೆ?” ಎಂದೆ.

“ನಾನೇನ್ ಉಣ್ಣಾಕ್ ಬತ್ತೀನಾ? ಕಾಯಾಕ್ ಬತ್ತೀನಿ.”

ಮನೆಯ ಹಿಂದೆ ತಗಡು ಹೊದಿಸಿದ ಅಡುಗೆ ಚಪ್ಪರ. ಬಾಡಿನ ಸಾರು ಕುದಿಯುವ ಕೊಪ್ಪರಿಗೆಯ ಪಕ್ಕ, ಮೂಗಿಗೆ ಸೆರಗು ಒತ್ತಿಕೊಂಡು ಅವರು ಕೂತರು. ಬೆಂದ ಹಿಟ್ಟಿನ ಉಂಡೆ ಬಿಸಿಯಿರುವಾಗಲೇ ಒತ್ತಬೇಕು, ಆರಿದರೆ ಕಲ್ಲು. ಮೊದಲ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಮಳೆ ಬಂತು. ತಗಡಿನ ಮೇಲೆ ಆ ಸದ್ದು ಬಿದ್ದದ್ದೇ ತಡ, ನಾವು ಮೂವರೂ ಕೈಯಲ್ಲಿದ್ದದ್ದನ್ನು ಬಿಟ್ಟು ಅಂಗಳಕ್ಕೆ ಓಡಿದೆವು. ಯಾರೂ ಯಾರಿಗೂ ಹೇಳಲಿಲ್ಲ. ಗೋಡೆಯಿಂದ ದೂರ, ನಟ್ಟನಡುವೆ, ನೆನೆಯುತ್ತ ನಿಂತೆವು. ಆ ಸದ್ದಾದಾಗ ಸೂರಿನ ಕೆಳಗೆ ಇದ್ದವರು ಏನಾದರೆಂದು ನಾವು ಕಂಡವರು.

“ಏಯ್, ಎಲ್ಲೋದ್ರಮ್ಮಾ? ಎಲೆ ಆಕಾಯ್ತು!” ಎಂದು ಅಡುಗೆಯವನು ಕೂಗಿಕೊಂಡ. ಉಂಡೆಗಳು ಒಳಗೆ ಆರುತ್ತಿದ್ದವು. ಒಬ್ಬರೂ ಒಳಗೆ ಹೋಗಲಿಲ್ಲ.

ಮಿಲ್ಲಿನವ್ವ ಮಳೆಗೆ ಇಳಿದು ಬಂದರು. ಬೈಯುತ್ತಾರೆಂದುಕೊಂಡೆ. ನಮ್ಮ ಮುಖ ನೋಡಿದರು. “ಒಳಿಕ್ಕೆ ಬರಬ್ಯಾಡಿ ಬುಡಿ. ಕೆಲಸ್ವೇ ಈಚೀಕೆ ಬತ್ತದೆ” ಎಂದು ತಿರುಗಿ, ಗಂಡಿನ ಕಡೆಯವರ ಮೇಲೆ ಹರಿಹಾಯ್ದರು. “ನೋಡ್ತಾ ನಿಂತ್ಕೊಂಡ್ರೆ ಶಾವಿಗೆ ಬಂದದಾ? ಒರಳೆತ್ಕೊಂಡ್ ಬನ್ರಪ್ಪಾ! ಟಾರ್ಪಾಲು ತನ್ನಿ!”

ಒರಳು ಅಂಗಳಕ್ಕೆ ಬಂತು. ಟಾರ್ಪಾಲಿನ ಮೂರು ಮೂಲೆ ಗಂಡಸರು ಹಿಡಿದರು, ನಾಲ್ಕನೆಯದು ಮಿಲ್ಲಿನವ್ವ. ಅದಕ್ಕೂ ಮೊದಲು ಉಂಡೆಯ ಪಾತ್ರೆಯನ್ನು ತಾವೇ ಹೊತ್ತು ತಂದಿದ್ದರು. ಬರುವಾಗ ಬಾಡಿನ ಸಾರು ಸೀರೆಗೆ ಸಿಡಿದಿತ್ತು. ನೋಡಿಯೂ ನೋಡದವರಂತೆ ಇದ್ದರು.

“ಕೈ ನಡುಗ್ತದೆ ಅವ್ವಾ” ಎಂದೆ.

“ನಡುಗ್ಲಿ ಬುಡು. ನಂದೂ ನಡುಗ್ತಾ ಐತೆ. ಒತ್ತು.”

ಕೊನೆಯ ಪಂಕ್ತಿಯವರೆಗೂ ಒತ್ತಿದೆವು. ಊರಿಗೆ ಬಂದು ಅವರು ಎರಡು ಸಲ ತಲೆಗೆ ನೀರು ಹಾಕಿಕೊಂಡು, ಸೀರೆಯನ್ನು ಮೂರು ನೀರಿನಲ್ಲಿ ಜಾಲಿಸಿದರು. ಹುಣಸೂರು, ಕೆ.ಆರ್. ನಗರದ ಕಡೆಯಿಂದೆಲ್ಲ ಕರೆ ಬರತೊಡಗಿತು. ಕೊಟ್ಟಿಗೆ ಅಂಗಡಿಯಾಯಿತು. ಮಕ್ಕಳು ಇಲ್ಲಿಯ ಶಾಲೆಗೇ ಹೋದರು. ಮಿಲ್ಲಿನವ್ವನ ಗಾಬರಿ ಮಾತ್ರ ಎಳ್ಳಷ್ಟೂ ಇಳಿಯಲಿಲ್ಲ.

ಹೋದ ವರ್ಷ ಅವರು ಲಿಂಗೈಕ್ಯರಾದರು. ಅವರ ಹೊಲದ ಮೂಲೆಯಲ್ಲೇ ಗುಂಡಿ ತೆಗೆದಿದ್ದರು. ವಿಭೂತಿ ಬಳಿದು, ಕೂರಿಸಿ, ಬಿಲ್ವಪತ್ರೆ ಇಟ್ಟರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ನಾನು ಹಿಂದೆ ಹಿಂದೆ ಸರಿದೆ. ಮನುಷ್ಯರ ಮೇಲೆ ಮಣ್ಣು ಬೀಳುವುದನ್ನು ನೋಡಲಾರೆ; ನಾನೇ ಹಾಕುವುದಂತೂ ಆಗದ ಮಾತು.

ಅವರ ಮಗ ಹತ್ತಿರ ಬಂದರು. “ನೀವೂ ಮಣ್ಣು ಕೊಡಿ ಅಕ್ಕ. ನೀವು ಕೊಡ್ದಿದ್ರೆ ಅವ್ವ ಒಪ್ಪಕಿಲ್ಲ.”

ಬಗ್ಗಿ ತೆಗೆದುಕೊಂಡೆ. ಮಣ್ಣು ಒಣಗಿತ್ತು, ಬೆಚ್ಚಗಿತ್ತು. ನಿಧಾನವಾಗಿ, ಅವರ ಮುಖಕ್ಕೆ ಬೀಳದ ಹಾಗೆ, ಮಡಿಲಿಗೆ ಬಿಟ್ಟೆ. ನನ್ನ ಗಂಡನಿಗೆ ಯಾರೂ ಹೀಗೆ ಕೊಡಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಗಂಡನಿಗಾಗಿ ಅಳು ಬಂತು. ಗುಂಡಿಯ ಪಕ್ಕ ಕೂತು ಮನಸಾರೆ ಅತ್ತೆ.