ಅಣ್ಣನ ಪಾದದ ಅಳತೆ

ಹೋದ ವಾರ ನವನಗರದ ಗುಜರಿ ಅಂಗಡಿಯ ಮುಂದೆ ಒಂದು ಕಪ್ಪು ಟ್ರಂಕು ಕಂಡಿತು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಅಕ್ಷರಗಳು ಅರ್ಧ ಅಳಿಸಿದ್ದವು. ನನಗೋ ಸುಮ್ಮನೆ ದಾಟಿ ಹೋಗುವ ಸ್ವಭಾವವಿಲ್ಲ. ಮುಚ್ಚಳ ಎತ್ತಿ ಇಣುಕಿದೆ. ಒಳಗೆ ತುಕ್ಕು, ಡಾಂಬರು ಗುಳಿಗೆಯ ವಾಸನೆ... ಮಿಲಿಟರಿ ಅಣ್ಣ ನೆನಪಾದ.

ಹಳೆ ಬಾಗಲಕೋಟೆಯಲ್ಲಿ ನಮ್ಮ ಮನೆಗೂ ಅವನ ಮನೆಗೂ ಒಂದೇ ಗೋಡೆ. ತಂದೆಯಿಲ್ಲದ ಒಬ್ಬನೇ ಮಗ. ರಜೆಗೆ ಬಂದನೆಂದರೆ ಇಂಥದ್ದೇ ಟ್ರಂಕು ಟಾಂಗಾದಿಂದ ಇಳಿಯುತ್ತಿತ್ತು. ಕಾಲೇಜು ಹುಡುಗನಾದರೂ ನಾನು ಅದರ ಮುಂದೆ ಹೋಗಿ ಕೂಡುತ್ತಿದ್ದೆ. ಹಿಮ ಹೇಗಿರುತ್ತದೆ, ಬಂದೂಕು ಎಷ್ಟು ಭಾರ, ಹೆದರಿಕೆ ಆಗುತ್ತದೋ ಇಲ್ಲವೋ ಎಂದು ಕೇಳಿ ಕೇಳಿ ಅವನ ತಲೆ ತಿನ್ನುತ್ತಿದ್ದೆ.

"ಲೇ, ನೀ ಪೊಲೀಸ್ ಆಗಪಾ. ಇಷ್ಟು ಕೇಳಿದ್ರ ಕಳ್ಳ ತಾನ ಒಪ್ಕೋತಾನ," ಎಂದು ನಗುತ್ತಿದ್ದ.

ಅವನು ಮಧ್ಯಾಹ್ನ ಮಲಗಿದಾಗ ಅವನ ಚಪ್ಪಲಿ ಮೆಟ್ಟಿ ಊರೆಲ್ಲ ಸುತ್ತುತ್ತಿದ್ದೆ. ನನ್ನ ಕಾಲಿಗೆ ಹೇಳಿ ಮಾಡಿಸಿದಂತಿದ್ದವು.

ಕೊನೆಯ ಸಲ ಹೊರಟಾಗ ಶ್ರೀಲಂಕಾಕ್ಕೆ ಎಂದ. ಸಮುದ್ರ ದಾಟಿ ಮಂದಿಯ ದೇಶದಲ್ಲಿ ಯಾಕೆ ಯುದ್ಧ ಮಾಡಬೇಕು ಎಂದು ಕೇಳಿದೆ. "ಅದನ್ನ ನಾವು ಕೇಳಂಗಿಲ್ಲೋ," ಎಂದ. ಆ ಸಲ ನಗಲಿಲ್ಲ.

ತಿರುಗಿ ಬಂದದ್ದು ಬೂದಿ. ಅಲ್ಲಿಯೇ ಸುಟ್ಟಿದ್ದರಂತೆ. ಕೆಂಪು ಬಟ್ಟೆ ಕಟ್ಟಿದ ಗಡಿಗೆಯನ್ನು ಜೊತೆಗಾರ ಸೈನಿಕನೊಬ್ಬ ತಂದು ಅವನ ತಾಯಿಯ ಕೈಗೆ ಕೊಟ್ಟ. ಆಕೆಯನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ. ನಾವು ಲಿಂಗವಂತರು ಸುಡುವುದಿಲ್ಲ, ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತೇವೆ. ಕುಣಿ ತೆಗೆಯುವುದು ಸತ್ತವರ ಪಾದದ ಅಳತೆಯಲ್ಲಿ, ಉದ್ದಕ್ಕೆ ಇಷ್ಟು ಪಾದ, ಅಗಲಕ್ಕೆ ಇಷ್ಟು ಪಾದ ಎಂದು. ಅವರ ಹೊಲದಲ್ಲಿ ಗುದ್ದಲಿ ಹಿಡಿದು ನಿಂತವನು ರೂಢಿಯಂತೆ ಪಾದದ ಅಳತೆ ಕೇಳಿ, ಆಮೇಲೆ ನಾಲಿಗೆ ಕಚ್ಚಿಕೊಂಡ.

"ಗಡಿಗಿಗೆ ಎಷ್ಟು ಬೇಕ್ರಿ? ಸಣ್ಣ ಕುಣಿ ಸಾಕು," ಎಂದರು ಹಿರಿಯರು.

"ನನ್ನ ಮಗ ಕುಂದರಬೇಕು. ಅವನ ಅಳತಿಗೇ ತೆಗೀರಿ," ಎಂದಳು ದೊಡ್ಡವ್ವ. ನನ್ನತ್ತ ತಿರುಗಿದಳು. "ಇವಗ ಅವನ ಚಪ್ಲಿ ಬರೋಬ್ಬರಿ ಆಗ್ತಿದ್ವು. ಇವನ ಪಾದಲೇ ಅಳತಿ ಹಿಡೀರಿ."

ನನ್ನ ಅವ್ವ ಚೀರಿದಳು. "ಯಕ್ಕಾ, ನಿನ್ನ ಕಾಲಿಗೆ ಬೀಳ್ತೇನಿ! ಬದುಕಿದ್ದವನ ಪಾದಲೇ ಕುಣಿ ಅಳತಿ ಮಾಡ್ತಾರೇನು? ನನಗೂ ಇವ ಒಬ್ಬಾವ ಅದಾನ!"

ದೊಡ್ಡವ್ವ ಗಡಿಗೆಯನ್ನು ಎದೆಗೆ ಒತ್ತಿಕೊಂಡು ನಿಂತಳು, ಅಷ್ಟೇ. ನನಗೂ ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅಣ್ಣನನ್ನು ಸಣ್ಣ ಕುಣಿಯಲ್ಲಿ ಮುಚ್ಚಿಬಿಡುವುದು ಮನಸ್ಸಿಗೆ ಬರಲಿಲ್ಲ. ಚಪ್ಪಲಿ ಬಿಟ್ಟು, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನಡೆದೆ. ಹಿಂದೆ ಹಿಂದೆಯೇ ಗೆರೆ ಎಳೆದರು.

ಗಡಿಗೆ ಇಡಲೂ ನಾನೇ ಇಳಿದೆ. ಸತ್ತವರನ್ನು ಕೂರಿಸಲು ಕುಣಿಯ ಗೋಡೆಯಲ್ಲಿ ಕೊರೆಯುವ ಗೂಡಿನಲ್ಲಿ ಇಟ್ಟು ತಿರುಗಿದರೆ ಸುತ್ತ ಎಷ್ಟೊಂದು ಜಾಗ ಖಾಲಿ... ಬೇಗ ಮೇಲೆ ಬಂದೆ.

ಅವ್ವ ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟಳು. ಆಮೇಲೆ ನೆಗಡಿ ಬಂದರೂ ಸಾಕು, ದವಾಖಾನೆಗೆ ಎಳೆದುಕೊಂಡು ಹೋಗುತ್ತಿದ್ದಳು.

ಈಗ ಆ ಹೊಲದ ಮೇಲೆ ಅಣೆಕಟ್ಟಿನ ಹಿನ್ನೀರು ನಿಂತಿದೆ. ಮನೆಗಳೂ ಮುಳುಗಿ ನಾವೆಲ್ಲ ನವನಗರಕ್ಕೆ ಬಂದೆವು. ಅವ್ವ ತೀರಿಕೊಂಡಳು, ನನಗೆ ಮೊಮ್ಮಕ್ಕಳಾದರು. ದೊಡ್ಡವ್ವ ಇದ್ದಾಳೆ, ಹಾಸಿಗೆ ಹಿಡಿದಿದ್ದಾಳೆ. ಟ್ರಂಕು ಕಂಡ ದಿನವೇ ನೋಡಲು ಹೋದೆ. ನನ್ನ ಕಾಲುಗಳನ್ನೇ ನೋಡುತ್ತಿದ್ದವಳು ಕೇಳಿದಳು:

"ಅವತ್ತ ನೀನ ಕೆಳಗ ಇಳಿದಿದ್ದೆಲ್ಲೋ... ಜಾಗಾ ಸಾಲ್ತೇನೋ ಅವಗ?"

"ಸಾಲ್ತು ದೊಡ್ಡವ್ವ. ಆರಾಮ ಕುಂತಾನ."

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲೋ, ಹುಚ್ಚಪ್ಯಾಲಿ," ಎಂದು ಬೈದು, ಗೋಡೆಯ ಕಡೆ ಹೊರಳಿ ನಿದ್ದೆ ಹೋದಳು.